ಎರ್ಲಿಂದಾ ಕೇಳದ ಮಾತು

ಎರ್ಲಿಂದಾ ತೀರಿಕೊಂಡು ಮೂರು ವಾರವಾಯಿತು.

ಕ್ಯಾಲಿಫೋರ್ನಿಯಾ ಕಣಿವೆಯ ನಮ್ಮ ಊರಿನಲ್ಲಿ ಪೀಚ್ ಹಣ್ಣನ್ನು ಆರಿಸಿ ಪೆಟ್ಟಿಗೆಗೆ ತುಂಬುವ ಷೆಡ್ಡಿದೆ. ಅಲ್ಲಿ ಅವಳು ಹತ್ತೊಂಬತ್ತು ವರ್ಷ ನಿಂತೇ ದುಡಿದಳು. ಮೆಕ್ಸಿಕೋದಿಂದ ಗಂಡನ ಹಿಂದೆ ಬಂದವಳು. ಗಂಡ ಬೇರೆಯವಳ ಹಿಂದೆ ಹೋದ. ಅದನ್ನೂ ನಗುತ್ತಲೇ ಹೇಳುತ್ತಿದ್ದಳು. ಚರ್ಚಿನಲ್ಲಿ ನನ್ನ ಮಗಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ಅವಳೇ. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿನ ಜೊತೆತಾಯಂದಿರು.

ಸ್ತನ ಕ್ಯಾನ್ಸರ್ ಬಗ್ಗೆ ನಮ್ಮ ಸ್ಪ್ಯಾನಿಷ್ ಮಾತಿನ ಹೆಂಗಸರಿಗೆ ತಿಳಿಹೇಳುವುದು ನನ್ನ ಕೆಲಸ. ಕ್ಲಿನಿಕ್ಕಿನವರು ತರಬೇತಿ ಕೊಟ್ಟರು, ಮುಟ್ಟಿ ಕಲಿಯಲು ರಬ್ಬರಿನ ಸ್ತನವೊಂದನ್ನೂ ಕೊಟ್ಟರು. ಕೇಳುವವರನ್ನು ಮಾತ್ರ ಕೊಡಲಿಲ್ಲ. ಮೊದಲ ಸಲ ಚರ್ಚಿನ ಹಾಲಿಗೆ ಬಂದವರು ಇಬ್ಬರು. ಅದರಲ್ಲೊಬ್ಬಳು ದಾರಿ ತಪ್ಪಿ ಬಂದಿದ್ದಳು. ಎರಡನೆಯ ಸಲ ಎರ್ಲಿಂದಾ ಷೆಡ್ಡಿನಲ್ಲಿ ಒಬ್ಬೊಬ್ಬರನ್ನೇ ಹಿಡಿದಳು. ಗಂಡ ಬೇಡ ಅಂತಾನೆ ಎಂದವಳಿಗೆ, "ತೋರಿಸೋದು ಅವನ ಎದೇನಾ? ನಿಂದು ಕಣೇ, ಬಾ," ಎಂದಳಂತೆ.

ಮೂವತ್ತನಾಲ್ಕು ಜನ ಬಂದರು, ಮಕ್ಕಳನ್ನೂ ಕಟ್ಟಿಕೊಂಡು. ಆ ಗಲಾಟೆಯಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಎರ್ಲಿಂದಾ ಮಕ್ಕಳನ್ನೆಲ್ಲ ಅಂಗಳಕ್ಕೆ ಹೊಡೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡಳು. ಮುಂದೆ ಅದೇ ಏರ್ಪಾಡಾಯಿತು. ನಾಲ್ಕು ವರ್ಷ, ಹನ್ನೊಂದು ಸಭೆ. ಹನ್ನೊಂದರಲ್ಲೂ ಅವಳು ಬಾಗಿಲಾಚೆ ಇದ್ದಳು. ಸ್ತನದ ಎಕ್ಸ್‌ರೇ ತೆಗೆಯುವ ವ್ಯಾನು ಬಂದ ದಿನ ಎಲ್ಲರನ್ನೂ ಹತ್ತಿಸಿ, ತಾನು ಸಾಲಿನ ಕೊನೆಗೆ ಎನ್ನುತ್ತಿದ್ದಳು. ಸಾಲು ಕರಗುವ ಮೊದಲೇ ವ್ಯಾನಿನವರ ಹೊತ್ತು ಮುಗಿಯುತ್ತಿತ್ತು. ಸಭೆ ತುಂಬಿಸುವವಳಿಗೆ ಸಭೆಯ ವಿಷಯ ಗೊತ್ತೇ ಇರುತ್ತದೆ ಎಂದು ನಾನು ನಂಬಿದ್ದೆ. ಕೇಳಿ ನೋಡಲಿಲ್ಲ.

ಷೆಡ್ಡಿನ ಉಡುಪಿಗೆ ಜೇಬಿಲ್ಲ. ಹೆಂಗಸರು ಕಾಸಿನ ಚೀಲ, ಫೋನು, ಬೀಗದ ಕೈಗಳನ್ನು ಬ್ರಾ ಒಳಗೆ ಸಿಕ್ಕಿಸಿಕೊಳ್ಳುತ್ತಾರೆ. ಎರ್ಲಿಂದಾಳ ಚೀಲ ಸದಾ ಎಡಕ್ಕೆ. ಎಡಗಡೆ ಗಂಟು ಕೈಗೆ ಸಿಕ್ಕಾಗ, ಚೀಲ ಒತ್ತಿ ಒತ್ತಿ ಆದದ್ದು ಎಂದುಕೊಂಡಳು. ಚೀಲವನ್ನು ಬಲಕ್ಕೆ ಬದಲಾಯಿಸಿದಳು. ಗಂಟು ಕರಗಲಿ ಎಂದು ಹದಿನಾಲ್ಕು ತಿಂಗಳು ಕಾದಳು, ಯಾರಿಗೂ ಹೇಳಲಿಲ್ಲ. ಚೀಲ ಒತ್ತಿದ್ದಕ್ಕೆ, ಪೆಟ್ಟು ಬಿದ್ದದ್ದಕ್ಕೆ ಈ ಕಾಯಿಲೆ ಬರುವುದಿಲ್ಲ, ಗಂಟು ಸಿಕ್ಕರೆ ಕಾಯಬೇಡಿ: ಪ್ರತಿ ಸಭೆಯ ಕೊನೆಯಲ್ಲಿ ನಾನು ಹೇಳುವ ಮಾತಿದು.

ಒಂದು ದಿನ ತೋಳು ಎತ್ತಲಾಗದೆ ಅವಳು ಹಣ್ಣಿನ ಪೆಟ್ಟಿಗೆ ಬೀಳಿಸಿದಳು. ಆಗಲೇ ನನಗೆ ತಿಳಿದದ್ದು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನೇ ಅವಳಿಗೆ ತಿರುಗಿಸಿ ಹೇಳಬೇಕಾಯಿತು: ಮೂಳೆಗೂ ಹರಡಿದೆ. ಸೋಮವಾರ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದಳು. ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ಕೊನೆಯ ತಿಂಗಳು ದಿನವೂ ಮಧ್ಯಾಹ್ನ ಹೋಗುತ್ತಿದ್ದೆ. ಕೋಳಿ ಸಾರು ಒಯ್ದರೆ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ದಿಂಬು ಸರಿಪಡಿಸುವುದು ಬಿಟ್ಟರೆ ನನಗೆ ಮಾಡಲು ಏನೂ ಇರಲಿಲ್ಲ.

"ಕೊಮಾದ್ರೆ," ಎಂದಳು ಒಂದು ದಿನ, "ಒಳಗೆ ಅವರಿಗೆಲ್ಲ ಏನು ಹೇಳ್ತಿದ್ದೆ? ನಾನು ಒಂದು ಸಲಾನೂ ಕೇಳಿಲ್ಲ ನೋಡು."

ಈಗ ಬೇಡ ಎಂದೆ.

"ಹೇಳೇ. ನನಗೇನು ಕೆಲಸ ಇದೆ ಇಲ್ಲಿ?"

ಹೇಳಿದೆ. ಆಕಾರ ಬದಲಾದರೆ, ಚರ್ಮ ಗುಳಿಬಿದ್ದರೆ ತೋರಿಸಬೇಕು ಎಂದೆ. ಬೇಗ ಗೊತ್ತಾದರೆ ಹೆಚ್ಚಿನವರು ಬದುಕುತ್ತಾರೆ ಎಂಬಲ್ಲಿ ನಿಲ್ಲಿಸಿ ದಿಂಬು ಸರಿಪಡಿಸಿದೆ. ಮುಂದೆ ಹೇಳು ಎಂಬಂತೆ ಅವಳು ಬೆರಳು ಆಡಿಸಿದಳು. ಚೀಲದ ಮಾತನ್ನು ಬಿಟ್ಟುಬಿಡೋಣ ಎನ್ನಿಸಿತು. ಆದರೂ ಹೇಳಿದೆ.

ಅವಳು ನನ್ನತ್ತ ಮುಖ ತಿರುಗಿಸಿದಳು.

"ಚೀಲದ್ದು ಮೊದಲೇ ಹೇಳಬೇಕು ಕಣೇ," ಎಂದಳು. "ನೀನು ಮುಗಿಸೋಷ್ಟೊತ್ತಿಗೆ ಅರ್ಧ ಜನ ಎದ್ದು ಮಕ್ಕಳ ಹತ್ರ ಬಂದುಬಿಡ್ತಿದ್ರು."

ಆಗಲಿ ಎಂದೆ. ನೀರು ಕೇಳಿದಳು. ಎರಡು ಚಮಚ ಇಳಿಯಿತು. ಮೂರನೆಯದು ತುಟಿಯಂಚಿನಿಂದ ದಿಂಬಿಗೆ ಹರಿಯಿತು.