ಜೆರ್ಸಿ ಅಕ್ಕನ ಟಿಕೆಟ್

ಬೆಳಕು ಹರಿಯುವ ಮೊದಲೇ ನಮ್ಮ ಬೀದಿಯ ಜೆರ್ಸಿ ಅಕ್ಕ ಒಲೆ ಹಚ್ಚಿ, ನೀರು ತುಂಬಿ, ಗಂಡನ ಬುತ್ತಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು ಕ್ರೀಡಾಂಗಣಕ್ಕೆ ಹೊರಡುತ್ತಿದ್ದಳು. ದೇಶದ ರಗ್ಬಿ ತಂಡದ ಜೆರ್ಸಿಗಳನ್ನು ಒಗೆದು ಹೊಲಿಯುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ಪಂದ್ಯ ಮಾತ್ರ ಒಂದನ್ನೂ ನೋಡಿರಲಿಲ್ಲ. ಆ ಹೊತ್ತಿಗೆ ಟಿವಿ ಮುಂದೆ ಕೂತ ಗಂಡನಿಗೂ ಅವನ ಗೆಳೆಯರಿಗೂ ಚಹಾ ಕಾಸಬೇಕಿತ್ತು. ಆದರೂ ಎದುರಾಳಿ ಯಾರೆಂದು ಅವಳಿಗೆ ಬಟ್ಟೆಯೇ ಹೇಳುತ್ತಿತ್ತು. ದೂರದ ದೇಶದವರೊಂದಿಗೆ ಆಡಿದರೆ ಬರೀ ಕೆಸರು. ಪಕ್ಕದ ದೇಶದವರೊಂದಿಗೆ ಆಡಿದರೆ ಹದಿನೈದಕ್ಕೆ ಹದಿನೈದೂ ಆಟಗಾರರ ಕಾಲರು ಹರಿದಿರುತ್ತಿದ್ದವು.

ಈ ಸಲ ಅದೇ ಪಕ್ಕದ ದೇಶದವರು ಬರುವಾಗ ತಂಡದ ನಾಯಕ ಅವಳಿಗೊಂದು ಟಿಕೆಟ್ ಕೊಟ್ಟ. ಅದನ್ನು ನೋಡಿ ಗಂಡ ಕುಣಿದಾಡಿಬಿಟ್ಟ.

“ನನ್ನ ರಾಣಿ ಕಣೇ ನೀನು! ಹೋಗಿ ಗಂಟಲು ಹರಿಯೋ ಹಾಗೆ ಕೂಗಿ ಬರ್ತೀನಿ.”

“ಅದು ನನಗೆ ಕೊಟ್ಟಿದ್ದು ರೀ.”

“ನಿನಗೇನೇ ತಿಳಿಯುತ್ತೆ ಅದರಲ್ಲಿ?”

“ಎಂಟನೇ ನಂಬರಿನವನ ಜೆರ್ಸಿಯ ಎಡತೋಳು ಮೊದಲು ಹರಿಯುತ್ತೆ. ನಿಮಗೆ ಗೊತ್ತಿತ್ತಾ?”

ಅತ್ತೆ ಫಕ್ಕನೆ ನಕ್ಕರು. ಗಂಡನೂ ನಕ್ಕ. ನಗುತ್ತಲೇ ಟಿಕೆಟ್ಟನ್ನು ತನ್ನ ಅಂಗಿ ಜೇಬಿಗಿಳಿಸಿದ.

ಪಂದ್ಯದ ದಿನ ಅವನು ಸ್ನಾನಕ್ಕೆ ಹೋದಾಗ ಅಂಗಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಕ್ಕ ಒಂದು ಗಳಿಗೆ ಅದರ ಮುಂದೆ ನಿಂತಳು. ಆಮೇಲೆ ಜೇಬಿನಿಂದ ಟಿಕೆಟ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟಳು.