ನಲವತ್ತೆರಡು ವರ್ಷ ತೆರೆದಿದ್ದ ಬಾಗಿಲು

ಮನುಷ್ಯನ ದೇಹ ನೀರ ಮೇಲಿನ ಗುಳ್ಳೆ ಎಂದು ಹಿರಿಯರು ಹೇಳಿದ್ದಾರೆ. ನನ್ನ ಗುಳ್ಳೆ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು.

ಭಕ್ತಬಾಂಧವರೇ, ಲಕ್ಷ್ಮೀಪುರಂನ ನಮ್ಮ ಬೀದಿಯ ಅಮ್ಮನವರ ಪಲ್ಲಕ್ಕಿಗೆ ಹದಿನೆಂಟು ವರ್ಷ ಹೆಗಲು ಕೊಟ್ಟವನು ನಾನು. ಕಚೇರಿಯಲ್ಲಿ ಬರಿಯ ಗುಮಾಸ್ತ. ಪಲ್ಲಕ್ಕಿಯ ಕೆಳಗೆ ಮಾತ್ರ ಮನುಷ್ಯ. ೧೯೫೭ರ ಬೇಸಿಗೆಯಲ್ಲಿ ಈ ಗಂಟು ಕಾಣಿಸಿಕೊಂಡಿತು. ನಿಂತರೆ ಇಳಿಯುವುದು, ಮಲಗಿದರೆ ಒಳಗೆ ಹೋಗುವುದು. ಅಂಗದಲ್ಲಿ ಊನವಿದ್ದವನು ದೇವರನ್ನು ಹೊರಬಾರದೆಂದು ನಮ್ಮ ಗುಡಿಯ ಕಟ್ಟುಪಾಡು. ಆದ್ದರಿಂದ ಶಾಸ್ತ್ರಕ್ಕೆ ತಲೆಬಾಗಿ, ಕಚ್ಚೆ ಬಿಗಿದು, ಯಾರಿಗೂ ಹೇಳದೆ ಇನ್ನೂ ಎರಡು ಉತ್ಸವ ಹೊತ್ತೆ.

ಹೆಂಡತಿ ಸಾವಿತ್ರಿಗೆ ಮಾತ್ರ ಗೊತ್ತಿತ್ತು. "ಆಸ್ಪತ್ರೆಗೆ ಹೋಗಿ ಅಂದ್ರೆ ಕೇಳಲ್ವಲ್ಲ."

"ಅರ್ಚಕರಿಗೆ ಗೊತ್ತಾಗ್ಬುಟ್ರೆ?"

"ಅಮ್ಮನಿಗೆ ಗೊತ್ತಿಲ್ವೇನ್ರೀ?"

ನಾನು ಹರಕೆ ಕಟ್ಟಿಕೊಂಡೆ: ಆಷಾಢ ಶುಕ್ರವಾರ ಚಾಮುಂಡಿಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತುತ್ತೇನೆ ತಾಯಿ, ಗಂಟು ತೆಗೆ, ಪಲ್ಲಕ್ಕಿ ಬಿಡಿಸಬೇಡ.

ಆ ದಿನ ಸಾವಿತ್ರಿ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತ ಬರುತ್ತಿದ್ದಳು. ನಂದಿ ಇನ್ನೂ ದೂರವಿರುವಾಗಲೇ ಗಂಟು ಕಲ್ಲಾಯಿತು. ಒತ್ತಿದರೂ ಒಳಗೆ ಹೋಗದು. ವಾಂತಿಯಾಯಿತು, ಕಣ್ಣು ಕತ್ತಲಿಟ್ಟಿತು. ಮೇಲೆ ತಾಯಿ, ಕೆಳಗೆ ಆಸ್ಪತ್ರೆ, ಎರಡೂ ಅಷ್ಟೇ ದೂರ. "ಪಲ್ಲಕ್ಕಿ ಹೋದರೆ ಹೋಗಲಿ, ಜೀವ ಉಳಿಸು" ಎಂದೆ. ಚೌಕಾಸಿಯಿಲ್ಲದೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಇಳಿದು ಬರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಕೆಳಗಿಟ್ಟಳು. "ಕರುಳು ಇಳಿದ್ಬುಟ್ಟದೆ ಕಣಮ್ಮ. ನಮ್ಮನೆಯವ್ರಿಗೂ ಇಂಗೇ ಆಗಿತ್ತು. ತಲೆ ಕೆಳೀಕೆ ಮಾಡಿ ಮನಗ್ಸು, ಮಂಡಿ ಮಡಚ್ಸು. ಒತ್ಬ್ಯಾಡ."

ಸಾವಿತ್ರಿ ಹಾಗೇ ಮಲಗಿಸಿದಳು. ತಲೆ ಮೈಸೂರಿನ ಕಡೆ, ಕಾಲು ದೇವಸ್ಥಾನದ ಕಡೆ! "ಕಾಲು ಅಮ್ಮನ ಕಡೆಗಾಯ್ತಲ್ಲೇ" ಎಂದು ನರಳಿದೆ.

"ಸುಮ್ಕಿರಿ ಸಾಮಿ. ಮಗ ತಾಯಿ ಕಡೀಕೆ ಕಾಲು ಚಾಚ್ದೆ ಇನ್ಯಾರ ಕಡೀಕೆ ಚಾಚಾನು?" ಎಂದಳು ಮುದುಕಿ.

ಎಷ್ಟು ಹೊತ್ತಾಯಿತೋ ಕಾಣೆ. ಯಾರ ಕೈಯೂ ಸೋಕದೆ ಗಂಟು ಗುಳುಕ್ಕೆಂದು ಒಳಸರಿಯಿತು. ಕಣ್ಣು ಬಿಟ್ಟಾಗ ಮುದುಕಿ ಇರಲಿಲ್ಲ. ಮಾಯವಾದಳೆಂದು ಬರೆಯಲು ಆಸೆಯೇ. ಆದರೆ ಬುಟ್ಟಿ ಹೊತ್ತು ಇಳಿದು ಹೋದದ್ದನ್ನು ಸಾವಿತ್ರಿ ನೋಡಿದ್ದಾಳೆ.

ನಿಧಾನವಾಗಿ ಇಳಿದು, ಬಸ್ಸು ಹಿಡಿದು ಆಸ್ಪತ್ರೆ ಸೇರಿದೆವು. "ಸಿಕ್ಕಿಕೊಂಡೇ ಇದ್ದಿದ್ರೆ ಕರುಳು ಕೊಳೀತಿತ್ತು" ಎಂದು ಡಾಕ್ಟರು ಬೈದರು. ಆಪರೇಷನ್ ಆದ ಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗಂಡುಕೂಸು ಗರ್ಭದಲ್ಲಿರುವಾಗ ಬೀಜಗಳು ಹೊಟ್ಟೆಯಿಂದ ಒಂದು ಓಣಿ ಹಿಡಿದು ಇಳಿಯುತ್ತವಂತೆ. ಜೊತೆಗಿಳಿದ ಒಳಪೊರೆಯ ಚೀಲ ಆಮೇಲೆ ಮುಚ್ಚಿಕೊಳ್ಳಬೇಕಂತೆ. ಬಲಗಡೆಯದು ಇಳಿಯುವುದೂ ತಡ, ಮುಚ್ಚುವುದೂ ತಡ. ನನ್ನದು ಮುಚ್ಚಿರಲೇ ಇಲ್ಲ. ಸಾಲದೆಂಬಂತೆ, ಓಣಿಯ ಮೇಲೆ ಕಮಾನಿನಂತೆ ಬಾಗುವ ಸ್ನಾಯು ನನಗೆ ಎತ್ತರದಲ್ಲಿತ್ತು. ಅದರಡಿ ಸಂದು ದೊಡ್ಡದು. ಕರುಳು ಇಳಿದದ್ದು ಆ ದಾರಿಯಲ್ಲೇ.

"ಪಲ್ಲಕ್ಕಿ ಹೊತ್ತದ್ದಕ್ಕೆ ಬಂದದ್ದಲ್ವೆ?"

"ಪಲ್ಲಕ್ಕಿ ಒಂದಿಷ್ಟು ನೂಕಿರಬಹುದು. ಬಾಗಿಲು ಹುಟ್ಟಿದಾಗಲೇ ತೆರೆದಿತ್ತು ಕಣ್ರೀ."

ತೆರೆದ ಬಾಗಿಲಿಟ್ಟುಕೊಂಡು ನಲವತ್ತೆರಡು ವರ್ಷ ಬದುಕಿದ್ದೇನೆ. ನಾನು ತಾಯಿಯನ್ನು ಹೊತ್ತೆನೆಂದು ಬೀಗುತ್ತಿದ್ದಾಗ ಆ ಹೊಸ್ತಿಲಲ್ಲಿ ಕೂತು ಕಾದವರು ಯಾರು? ಅಲ್ಲೇ ಮಂಚದ ಮೇಲೆ ಕೈ ಮುಗಿದೆ.

ಅರ್ಚಕರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು "ಹುಟ್ಟಿನಿಂದ ಇದ್ದದ್ದು ಅಂದ್ರೆ, ಗೊತ್ತಿದ್ದೇ ಅಮ್ಮ ನಿಮ್ಮ ಹೆಗಲೇರಿದಾಳೆ. ಕೇಳೋಕೆ ನಾವ್ಯಾರ್ರೀ?" ಎಂದರು.

ಭಾರ ಹೊರಬಾರದೆಂದು ಡಾಕ್ಟರ ಆಜ್ಞೆ. ನಾನೀಗ ಪಲ್ಲಕ್ಕಿಯ ಮುಂದೆ ದೀವಟಿಗೆ ಹಿಡಿದು ನಡೆಯುತ್ತೇನೆ. ಗಂಟು ಮತ್ತೆ ಬಂದಿಲ್ಲ.