ಪೇಟ ಕಂಡರೆ ನಿಲ್ಲೋ ಸಿಪಾಯಿ

ಭರಮಸಾಗರದಲ್ಲಿ ನಮ್ಮ ಪಕ್ಕದ ಹಿಟ್ಟಿನ ಗಿರಣಿಯವರಿಗೆ ಊರಿನ ನಾಟಕದಲ್ಲಿ ಪ್ರತಿ ವರ್ಷವೂ ಶತ್ರು ಸಿಪಾಯಿಯ ಪಾತ್ರ. ಯುದ್ಧದಲ್ಲಿ ಯಾವಾಗ ಓಡಬೇಕು ಅಂತ ಕೇಳಿದರೆ ಮೀಸೆಯ ಹಿಟ್ಟು ಒರೆಸಿಕೊಂಡು, "ನಮ್ ಸೇನಾಪತಿ ತಲೆ ಮ್ಯಾಲೆ ಪೇಟ ಐತಾ, ನಿಲ್ಲಾಣ. ಹೋತಾ, ಓಡಾಣ," ಎನ್ನುತ್ತಿದ್ದರು.

ಒಂದು ವರ್ಷ ಸೇನಾಪತಿಯ ಪೇಟದೊಳಗೆ ಇರುವೆ ಸೇರಿತ್ತು. ಕಡಿತ ತಾಳಲಾರದೆ ಆತ ಪೇಟ ತೆಗೆದ. ಗಿರಣಿಯವರು ರಂಗದಿಂದ ಹಾರಿ ಓಟ ಕಿತ್ತರು. ಅವರ ಹಿಂದೆ ಇಡೀ ಸೈನ್ಯ. ಇವರನ್ನು ಹೊಡೆದು ಗೆಲ್ಲಬೇಕಿದ್ದ ದೊರೆ ಪರದೆ ಹಿಂದಿನಿಂದ ಅಳುವಂತಾಗಿ, "ಲೇ, ನಾನಿನ್ನೂ ಬಂದೇ ಇಲ್ಲ ಕಣ್ರೋ!" ಎಂದು ಕೂಗಿದ.

ಸೇನಾಪತಿ ಪೇಟ ಕೈಯಲ್ಲಿ ಹಿಡಿದು, "ನಿಂತ್ಕಳ್ರಿ!" ಎಂದು ಬೆನ್ನತ್ತಿದಷ್ಟೂ ಅವರು ಜೋರಾಗಿ ಓಡಿದರು. ಕೆರೆ ಏರಿ ಮೇಲೆ ಅವನಿಗೆ ಬುದ್ಧಿ ಬಂದು ಪೇಟ ತಲೆಗಿಟ್ಟುಕೊಂಡ. ಗಿರಣಿಯವರು ತಟ್ಟನೆ ನಿಂತರು. ವಾಪಸು ಬಂದು, ರಂಗ ಹತ್ತಿ, ದೊರೆಯೆದುರು ಕಣ್ಣು ಮುಚ್ಚಿ ನಿಂತು, "ಈಗ ಹೊಡೀರಿ," ಎಂದರು.